ಮರಳೂ ಬಂಡೆಯೂ

ಹರಿಪುರದಲ್ಲಿ ವಾರಣಾ ನದಿಯು ಕೃಷ್ಣೆಯನ್ನು ಕೂಡುವಲ್ಲಿ, ಮಳೆಗಾಲ ಕಳೆದ ಮೇಲೆ ದಂಡೆಯ ಮರಳು ತೆರೆದುಕೊಳ್ಳುತ್ತದೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ದಿದ್ದ ಒಂದು ದಿನ, ಓದಿನಲ್ಲಿ ಹಿಂದುಳಿದ ಹುಡುಗನೊಬ್ಬನನ್ನು, “ನಿನಗೆ ಕಲಿಸುವುದೆಂದರೆ ಈ ಮರಳನ್ನು ಹಿಂಡಿ ಎಣ್ಣೆ ತೆಗೆದಂತೆ!” ಎಂದು ಜರೆದೆನು. ಉಳಿದವರು ನಕ್ಕರು. ಅವನು ಅಂದಿನಿಂದ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ.

ಆ ವರ್ಷ ಬಾದಾಮಿಗೆ ಪ್ರವಾಸ ಹೋದೆವು. ಮಂಗಳೇಶನ ಕ್ರಿ.ಶ. ೫೭೮ರ ಶಾಸನವುಳ್ಳ ಮೂರನೆಯ ಗುಹಾಲಯಕ್ಕೆ ಏರುವ ದಾರಿಯಲ್ಲಿ ಆ ಹುಡುಗನು ಸವೆದ ಬಂಡೆಯೊಂದನ್ನು ತಡವಿದನು. ಅಂಗೈಗೆ ಕೆಂಪು ಕಣಗಳು ಅಂಟಿದವು. “ಗುರುಗಳೇ, ಇದೂ ಮರಳೇ ಅಲ್ಲವೇ?” ಎಂದನು.

ಅದು ಮರಳೇ. ನಮ್ಮ ಸಾಂಗಲಿ ಕಡೆಯ ಕರಿಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾರಸ ಆರಿ ಆದದ್ದು. ಬಾದಾಮಿಯ ಮರಳುಗಲ್ಲು ಅದಕ್ಕಿಂತ ಎಷ್ಟೋ ಹಳೆಯದು. ಪ್ರಾಚೀನ ಹೊಳೆಗಳು ಹೊತ್ತು ತಂದ ಮರಳು ಅಲ್ಲಿ ಪದರಪದರವಾಗಿ ಕುಳಿತಿತು. ಬಂಡೆಯಲ್ಲಿ ಇಂದಿಗೂ ಕಾಣುವ ಓರೆ ಗೆರೆಗಳು ಆ ನೀರು ಹರಿದ ದಿಕ್ಕನ್ನು ಹೇಳುತ್ತವೆ. ಆಸ್ಟ್ರೇಲಿಯದ ಮರುಭೂಮಿಯಲ್ಲಿ ೩೪೮ ಮೀಟರು ಎತ್ತರಕ್ಕೆ ಒಂಟಿಯಾಗಿ ನಿಂತಿರುವ ಉಲುರು ಬಂಡೆಯ ಬೆರಗೂ ಇಂಥದೇ. ಹಿಂದೆ ಬೆಟ್ಟಗಳಿಂದ ನೀರು ಇಳಿಸಿ ತಂದ ಮರಳೇ ಅಲ್ಲಿ ಕಲ್ಲಾಗಿದೆ. ಮಲಗಿದ್ದ ಅದರ ಪದರಗಳು ಭೂಚಲನೆಯಿಂದ ಬಹುಮಟ್ಟಿಗೆ ನೆಟ್ಟಗೆ ನಿಂತಿವೆ.

ಸಡಿಲವಾದ ಮರಳು ಕಲ್ಲಾಗುವುದು ಹೇಗೆ? ಮೇಲಿನ ಪದರಗಳ ಭಾರದಿಂದ ಎಂದು ನಾವು ಪಾಠ ಹೇಳಿಬಿಡುತ್ತೇವೆ. ಅದು ಅರ್ಧ ಸತ್ಯ. ಭಾರವು ಕಣಗಳನ್ನು ಹತ್ತಿರ ತರುತ್ತದೆ, ಅಷ್ಟೆ. ಅವುಗಳ ಸಂದಿನಲ್ಲಿ ಮೆಲ್ಲನೆ ಹರಿಯುವ ನೀರು ತನ್ನಲ್ಲಿ ಕರಗಿದ ಸಿಲಿಕಾವನ್ನೂ ಕಬ್ಬಿಣದ ಅಂಶವನ್ನೂ ಅಲ್ಲಿ ಬಿಟ್ಟುಹೋದಾಗ ಕಣಕಣಗಳು ಬೆಸೆದುಕೊಳ್ಳುತ್ತವೆ. ಬಂಡೆಯ ಕೆಂಪೂ ಆ ಕಬ್ಬಿಣದ್ದೇ.

ಶಿಕ್ಷಕನಾದವನನ್ನು ಕಾಡುವ ಪ್ರಶ್ನೆಯೊಂದು ಇಲ್ಲಿದೆ. ಬೈಗುಳದ ಭಾರ, ಪರೀಕ್ಷೆಯ ಭಾರ ಹೇರಿದರೆ ಮಗು ಗಟ್ಟಿಯಾಗುವುದೆಂದು ನಾನು ನಂಬಿದ್ದೆನು. ಸಂದಿಗೆ ಇಳಿಯುವ ನೀರನ್ನು ಮರೆತಿದ್ದೆನು. ಮರಳಿನಿಂದ ಎಣ್ಣೆ ಬಾರದು, ನಿಜ. ಆದರೆ ಮರಳಿನಲ್ಲಿ ಎಣ್ಣೆಯನ್ನೇ ಬೇಡಿದ್ದು ಯಾರ ತಪ್ಪು? ಮಕ್ಕಳು ಕಲ್ಲಲ್ಲ ಎಂಬುದೂ ಸತ್ಯವೇ. ಕಲ್ಲಿಗೆ ಕೋಟಿ ವರ್ಷಗಳ ಬಿಡುವುಂಟು. ಮಗು ನಮ್ಮ ಕೈಗೆ ದೊರೆಯುವುದು ಕೆಲವೇ ವರ್ಷ. ಆದುದರಿಂದಲೇ ನಮ್ಮ ಹೊಣೆ ದೊಡ್ಡದು.

“ಹೌದಪ್ಪಾ, ಮರಳೇ” ಎಂದಷ್ಟೇ ಅಂದು ಅವನಿಗೆ ಉತ್ತರ ಕೊಟ್ಟೆನು. ಹೊಳೆಯ ದಂಡೆಯಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಲು ಬಾಯಿ ಬರಲಿಲ್ಲ. ಊರಿಗೆ ಮರಳಿದ ಮೇಲೆ, ಅಂದು ನಕ್ಕವರೆಲ್ಲರ ಎದುರಿನಲ್ಲಿ ಕೇಳಿದೆನು.