ಗೋರಕ್ಷೆಯೂ ಕ್ಷಯಪರೀಕ್ಷೆಯೂ

ಗೋವನ್ನು ಕೊಲ್ಲಲೊಲ್ಲದ ಧರ್ಮವು, ಆ ಗೋವಿನ ಉಸಿರಿನಲ್ಲಿಯೇ ಸುಳಿದು ಮಂದೆಯನ್ನೆಲ್ಲ ವ್ಯಾಪಿಸುವ ಕ್ಷಯರೋಗದೆದುರು ಏನು ಮಾಡತಕ್ಕದ್ದೆಂಬ ಪ್ರಶ್ನೆಯನ್ನು ನಮ್ಮ ಗೋಶಾಲೆಗಳು ಎದುರಿಸಲೇಬೇಕು. ಅಮೆರಿಕವು 1917ರಿಂದ ಪರೀಕ್ಷಿಸಿ ವಧಿಸುವ ಮಾರ್ಗವನ್ನು ಹಿಡಿದು ರೋಗವನ್ನು ಬಹುಮಟ್ಟಿಗೆ ಅಡಗಿಸಿತು. ವಧೆಯು ನಮಗೆ ಸಲ್ಲದೆಂದ ಮಾತ್ರಕ್ಕೆ ಪರೀಕ್ಷೆಯೂ ಸಲ್ಲದೆಂದು ಭಾವಿಸುವುದು ಅಹಿಂಸೆಯ ಹೆಸರಿನ ಉಪೇಕ್ಷೆಯೆಂದೇ ನನ್ನ ಎಣಿಕೆ.

ಈ ಪರೀಕ್ಷೆಯಲ್ಲಿ ಪಶುವೈದ್ಯನು ಹಸುವಿನ ಕತ್ತಿನ ಒಂದೆಡೆ ರೋಮವನ್ನು ಕತ್ತರಿಸಿ, ಚರ್ಮದ ದಪ್ಪವನ್ನಳೆದು, ಟ್ಯುಬರ್ಕ್ಯುಲಿನ್ ದ್ರವವನ್ನು ಚರ್ಮದೊಳಗೆ ಚುಚ್ಚಿ, 72 ಗಂಟೆಗಳ ತರುವಾಯ ಮತ್ತೆ ಬಂದು ಬಾವನ್ನು ಅಳೆಯುತ್ತಾನೆ. ಕೆಮ್ಮನ್ನೇ ಕಾಣದೆ ಮೈದುಂಬಿ ಮೇಯುತ್ತಿರುವ ಹಸುವೂ ಅಂದು ಸೋಂಕಿತವೆಂದು ತಿಳಿದುಬರಬಹುದು. ರೋಗವು ತೀರ ಮುಂದುವರಿದ ಹಸುವು ಯಾವ ಬಾವನ್ನೂ ತೋರದೆಯೂ ಇರಬಹುದು. ಆದುದರಿಂದಲೇ ಒಮ್ಮೆಯ ಪರೀಕ್ಷೆ ಸಾಲದು.

ಸೋಂಕಿತ ಹಸುವನ್ನು ಕಡೆಯವರೆಗೂ ಸಲಹುವೆವೆಂದು ವ್ರತ ತೊಟ್ಟವರು ಅದಕ್ಕೆ ಬೇರೆ ಕೊಟ್ಟಿಗೆಯನ್ನೂ ಬೇರೆ ನೀರಿನ ತೊಟ್ಟಿಯನ್ನೂ ಒದಗಿಸಿ, ಅದರ ಕರುವಿಗೆ ನೀರೋಗವಾದ ಹಸುವಿನ ಹಾಲನ್ನೂಡಿಸಿ, ಸೇವೆ ಮಾಡುವ ಆಳಿಗೂ ಕ್ಷಯದ ತಪಾಸಣೆ ಮಾಡಿಸಬೇಕು. ಈ ವೆಚ್ಚವನ್ನು ಹೊರಲೊಲ್ಲದ ದಯೆಯು ಒಂದು ಜೀವವನ್ನುಳಿಸಹೋಗಿ ಹಲವನ್ನು ನವೆಯಿಸುತ್ತದೆ.

ಶ್ರದ್ಧಾವಂತರಲ್ಲಿ ನನ್ನ ಬಿನ್ನಹವಿಷ್ಟೆ: ಗೋದಾನ ಮಾಡುವ ಮುನ್ನ ಹಸುವನ್ನು ಪರೀಕ್ಷೆ ಮಾಡಿಸಿರಿ, ಪಂಚಾಮೃತದ ಹಾಲನ್ನೂ ಕಾಯಿಸಿ ಆರಿಸಿಯೇ ಬಳಸಿರಿ.