ಕೊನೆಯ ಮನೆಗೆ ತಲುಪಿತೇ?

ಸಿದ್ದಾಪುರದ ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಒಂದು ಕಾಲಕ್ಕೆ ಸಂಜೆಯಾದರೆ ಒಬ್ಬರು ಮಾಡು ಹತ್ತಿ ಆ್ಯಂಟೆನಾ ತಿರುಗಿಸುತ್ತಿದ್ದರು. ಒಳಗಿನಿಂದ ಇನ್ನೊಬ್ಬರು, "ಬಂತು... ಅಯ್ಯೋ, ಹೋಯ್ತು!" ಎಂದು ಕೂಗುತ್ತಿದ್ದರು. ಟಿ.ವಿ. ಇದ್ದ ಒಂದು ಮನೆಯ ಜಗಲಿಯಲ್ಲಿ ಹತ್ತು ಮನೆಯವರು ಕೂಡುತ್ತಿದ್ದರು.

ದೂರದರ್ಶನದ ಅಲೆಗಳು, ಅದರಲ್ಲೂ ಯು.ಎಚ್.ಎಫ್. ಅಲೆಗಳು, ಹೆಚ್ಚುಕಡಿಮೆ ನೇರವಾಗಿ ಸಾಗುವಂಥವು. ಬೆಟ್ಟ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತವೆ. ಆದುದರಿಂದಲೇ ಎತ್ತರದ ಸ್ಥಳಗಳಲ್ಲಿ ಮರುಪ್ರಸಾರ ಕೇಂದ್ರಗಳನ್ನು ಸ್ಥಾಪಿಸಿದರು. ದೂರದಿಂದ ಬಂದುದನ್ನು ಪಡೆದು, ಬಲಪಡಿಸಿ, ಮುಂದಿನ ಊರಿಗೆ ದಾಟಿಸುವುದಷ್ಟೇ ಅವುಗಳ ಕೆಲಸ.

ಆ ಕಾಲ ಮುಗಿಯಿತು. ಆಯಕಟ್ಟಿನ ಸ್ಥಳಗಳ ಸುಮಾರು 50 ಕೇಂದ್ರಗಳನ್ನು ಬಿಟ್ಟು, ಉಳಿದ ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳನ್ನೆಲ್ಲ 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರಲ್ಲಿ ಪ್ರಕಟಿಸಿತು.

ಇದು ಅನ್ಯಾಯವೇ? ಹಾಗೆನ್ನಲಾಗದು. ನೋಡುವವರು ವಿರಳವಾದ ಮೇಲೂ ಸಾರ್ವಜನಿಕರ ಹಣದಿಂದ ಯಂತ್ರ ನಡೆಸುವುದು ವಿವೇಕವಲ್ಲ. ಮೇಲಾಗಿ, ಗೋಪುರದ ಅಲೆ ಇಳಿಯಲಾರದ ಕಣಿವೆಗೂ ಉಪಗ್ರಹದ ಅಲೆ ಇಳಿಯುತ್ತದೆ. 2004ರಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಶ್ ಸೇವೆಗೆ ತಿಂಗಳ ಶುಲ್ಕವೂ ಇಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಡಿಶ್ ಕೊಳ್ಳಬೇಕು, ಪೆಟ್ಟಿಗೆ ಕೊಳ್ಳಬೇಕು, ಕೂರಿಸಲು ಬಲ್ಲವರು ಬೇಕು. ಉಳ್ಳವರು ತಮ್ಮಿಷ್ಟದಂತೆ ಮೊದಲೇ ಹೊಸದಕ್ಕೆ ಹೋಗುತ್ತಾರೆ. ಇಲ್ಲದವರು ಹಳೆಯದು ನಿಂತ ಮೇಲೆ ಅನಿವಾರ್ಯವಾಗಿ ಹೋಗಬೇಕಾಗುತ್ತದೆ. ಹಳೆಯದನ್ನು ಎಂದೆಂದಿಗೂ ಉಳಿಸಬೇಕೆಂಬ ಹಟ ಸರಿಯಲ್ಲ. ಆದರೆ ಕೊನೆಯಲ್ಲಿ ಉಳಿದವರು ದಾಟುವವರೆಗೆ ಕೈ ಹಿಡಿಯುವ ಹೊಣೆ, ಮೊದಲು ದಾಟಿದವರ ಮೇಲಿದೆ.

ಇದು ಬರಿಯ ಟಿ.ವಿ.ಯ ಮಾತಲ್ಲ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಗಳ ಮನೆಗಳಿಗೆ ನುಗ್ಗಿದ್ದನ್ನು ನಾವು ಮರೆತಿಲ್ಲ. ಇಂದು ಮಳೆಯ ಎಚ್ಚರಿಕೆ, ಪಡಿತರದ ಸುದ್ದಿ, ಶಾಲೆಯ ಪ್ರಕಟಣೆ ಎಲ್ಲವೂ ಮೊಬೈಲಿಗೆ ಬರುತ್ತವೆ. ಕಳುಹಿಸಿದ ಕೂಡಲೇ ಎಲ್ಲರಿಗೂ ತಿಳಿಸಿದೆವೆಂದು ನಾವು ಸಮಾಧಾನಪಡುತ್ತೇವೆ. ಮೊಬೈಲ್ ಇಲ್ಲದ ಅಜ್ಜಿಗೆ, ಅಕ್ಷರ ಬಾರದ ಕೂಲಿಯವನಿಗೆ ಅದು ತಲುಪಿತೇ?

ಬೆಟ್ಟದ ಮೇಲಿನ ಯಂತ್ರ ಮಾಡುತ್ತಿದ್ದ ಕೆಲಸ ಈಗ ನೆರೆಯವರ ಪಾಲಿಗೆ ಬಂದಿದೆ. ನಮಗೆ ಬಂದ ಸುದ್ದಿಯನ್ನು ಪಕ್ಕದ ಮನೆಯ ಬಾಗಿಲವರೆಗೆ ನಡೆದು ಹೋಗಿ ಹೇಳಿ ಬರೋಣ. ಅದಕ್ಕೆ ಗೋಪುರವೂ ಬೇಡ, ಡಿಶ್ಶೂ ಬೇಡ.