ಕೆಂಪು ಮಣ್ಣಿನ ದಾರಿಯಲ್ಲಿ ಸೈಕಲ್

ಕೋಲ್ಕತ್ತದಲ್ಲಿ ಕಲ್ಲಿಲ್ಲ. ದೂರಲ್ಲ ಇದು, ಭೂಗೋಳ. ಇಡೀ ನಗರ ನಿಂತಿರುವುದು ಗಂಗೆ ತಂದು ಸುರಿದ ಬೂದು ಮಣ್ಣಿನ ಮೇಲೆ. ಯಾರಾದರೂ ಪಾಯ ತೋಡುವಲ್ಲಿ ಇಣುಕಿದರೆ ಜೇಡಿ, ಅದರ ಕೆಳಗೆ ಮತ್ತೆ ಜೇಡಿ. ನಾನು ಕಾಸರಗೋಡಿನ ಕಡೆಯವನು. ಬಾವಿ ಎಂದರೆ ಮುರಕಲ್ಲನ್ನು ಕಡಿಯುತ್ತಾ ಇಳಿಯುವುದು, ಮನೆ ಎಂದರೆ ಅದೇ ಕಲ್ಲನ್ನು ಕೆತ್ತಿ ಮೇಲಕ್ಕೆ ಪೇರಿಸುವುದು ಎಂದು ತಿಳಿದು ಬೆಳೆದವನು. ಬ್ಯಾಂಕಿನ ವರ್ಗಾವಣೆಯಲ್ಲಿ ಇಲ್ಲಿಗೆ ಬಂದ ಮೇಲೆ ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು ಸಿಕ್ಕಿತು, ತೆಂಗಿನಕಾಯಿ ಸಿಕ್ಕಿತು, ಕನ್ನಡ ಮಾತಾಡುವ ನಾಲ್ಕು ಜನ ಸಿಕ್ಕಿದರು. ಕೆಂಪು ಮಣ್ಣು ಮಾತ್ರ ಸಿಗಲಿಲ್ಲ.

ಅದಕ್ಕಾಗಿ ಪಶ್ಚಿಮಕ್ಕೆ ಹೋಗಬೇಕು. ಬೀರಭೂಮ್, ಬಾಂಕುಡಾ, ಪುರುಲಿಯಾ, ಮೇದಿನಿಪುರದ ಒಂದು ಪಾಲು. ಬಂಗಾಳಿಗಳು ಈ ಸೀಮೆಯನ್ನು ರಾಢ ಎನ್ನುತ್ತಾರೆ, ಅದರ ಮಣ್ಣನ್ನು ರಾಂಗಾಮಾಟಿ ಎನ್ನುತ್ತಾರೆ. ಸೈಕಲ್ಲನ್ನು ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿ ರೈಲಿಗೆ ಹಾಕುವುದು, ಬೋಲ್‌ಪುರದಲ್ಲೋ ಗಡಬೇತಾದಲ್ಲೋ ಇಳಿಸಿಕೊಳ್ಳುವುದು. ಹೆದ್ದಾರಿಯಲ್ಲಿ ಲಾರಿಗಳ ಪಕ್ಕ ತುಳಿಯುವ ಧೈರ್ಯ ನನಗಿಲ್ಲ. ನಗರದೊಳಗೆ ತುಳಿಯುವುದಂತೂ ಬೇರೆಯೇ ಕತೆ. 2008ರಲ್ಲಿ ಕೆಲವು ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದರು, 2013ರಲ್ಲಿ ಆ ಪಟ್ಟಿ 174 ರಸ್ತೆಗಳಿಗೆ ಬೆಳೆಯಿತು, 2020ರ ಸೋಂಕಿನ ಕಾಲದಲ್ಲಿ ಒಂದಷ್ಟು ಸಡಿಲಾಯಿತು. ಆ ರಸ್ತೆಗಳಲ್ಲಿ ಹಾಲಿನವನು, ಪೇಪರಿನವನು ಸೈಕಲ್ಲಿನಿಂದ ಇಳಿದು ಗಲ್ಲಿ ಸುತ್ತಿಕೊಂಡು ಹೋಗಬೇಕಾಯಿತು. ದೇಶದಲ್ಲೇ ಅತಿ ಹೆಚ್ಚು ಮನೆಗಳಲ್ಲಿ ಸೈಕಲ್ ಇರುವ ರಾಜ್ಯದ ರಾಜಧಾನಿಯಲ್ಲಿ!

ದಾರಿಗಳನ್ನು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಬೋಲ್‌ಪುರದಿಂದ ಇಲಾಮ್‌ಬಜಾರ್ ಹದಿನೆಂಟು ಕಿಲೋಮೀಟರ್ ಚಿಲ್ಲರೆ, ನಡುವೆ ಸಾಲವೃಕ್ಷದ ಕಾಡು. ಅಲ್ಲಿಂದ ಅಜಯ ನದಿಯ ಬದಿ ಹಿಡಿದರೆ ಜಯದೇವನ ಕೆಂದುಲಿ. ಇನ್ನೊಂದು ಗಡಬೇತಾದಿಂದ ಬಿಷ್ಣುಪುರಕ್ಕೆ. ಮಲ್ಲ ಅರಸರ ದೇವಾಲಯಗಳಲ್ಲಿ ಸುಟ್ಟಮಣ್ಣಿನವು ಎಲ್ಲರಿಗೂ ಗೊತ್ತು. ಮುರಕಲ್ಲಿನವೂ ಇವೆ, ನಾನು ಅವುಗಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹೋಗುವುದಾದರೆ ಡಿಸೆಂಬರ್, ಜನವರಿ. ಏಪ್ರಿಲ್‌ನಲ್ಲಿ ಬೇಡ.

ಈ ಕಲ್ಲಿನದೊಂದು ತಮಾಷೆ ಇದೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಲ್ಕತ್ತೆಯಲ್ಲಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ. ಮಲಬಾರಿನ ಅಂಗಾಡಿಪುರಂ ಬಳಿ ಈ ಕಲ್ಲನ್ನು ನೋಡಿ, ಸ್ಥಳೀಯರು ಇದನ್ನು ಇಟ್ಟಿಗೆ ಕಲ್ಲು ಎಂದು ಕರೆಯುತ್ತಾರೆಂದು ಬರೆದುಕೊಂಡ. ಅದನ್ನೇ ಲ್ಯಾಟಿನ್ನಿಗೆ ತಿರುಗಿಸಿ 1807ರ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ನಮ್ಮ ಜಂಬಿಟ್ಟಿಗೆಯಲ್ಲಿ ಆ ಇಟ್ಟಿಗೆ ಇನ್ನೂ ಇದೆ. ಅದೇ ಬುಕಾನನ್ 1814ರಲ್ಲಿ ಹೂಗ್ಲಿಯ ಆಚೆ ದಂಡೆಯ ಶಿಬಪುರದ ಸಸ್ಯೋದ್ಯಾನಕ್ಕೆ ಮುಖ್ಯಸ್ಥನಾಗಿ ಬಂದ. ನೆಲದೊಳಗೆ ಮೆತ್ತಗಿರುವ ಈ ಕಲ್ಲು ಕಡಿದು ಗಾಳಿಗೆ ಹಿಡಿದ ಮೇಲೆ ಗಟ್ಟಿಯಾಗುತ್ತದೆ. ಊರು ಬಿಟ್ಟವರ ಬಗ್ಗೆ ಇಲ್ಲೊಂದು ಉಪಮೆ ಕೈಗೆ ಸಿಗುವಂತೆ ಕೂತಿದೆ. ಬೇಡ, ಬಿಟ್ಟುಬಿಡೋಣ.

ಗಡಬೇತಾದ ಹತ್ತಿರ ಗನ್‌ಗನಿ ಎಂಬ ಜಾಗವಿದೆ. ಶಿಲಾಬತಿ ನದಿಯ ದಂಡೆಯಲ್ಲಿ ಕೆಂಪು ನೆಲ ಸೀಳಿ, ಕಂಬ, ಗುಹೆ, ಗೋಪುರಗಳಾಗಿ ನಿಂತಿದೆ. ಬಂಗಾಳದ ಗ್ರ್ಯಾಂಡ್ ಕ್ಯಾನ್ಯನ್ ಎಂದು ಕರೆಯುತ್ತಾರೆ, ಸ್ವಲ್ಪ ಜಾಸ್ತಿಯಾಯಿತು. ಸಂಜೆಯ ಬಿಸಿಲು ಬಿದ್ದಾಗ ಆ ಕೆಂಪು ಏನಾಗುತ್ತದೆ ಎಂಬುದನ್ನು ನಾನು ಬಣ್ಣಿಸಲು ಹೋಗುವುದಿಲ್ಲ. ಒಂದು ಸಲ ಅಲ್ಲಿಂದ ಬರುತ್ತಾ ದಾರಿಬದಿಯ ಚಹಾ ಅಂಗಡಿಯಲ್ಲಿ ಕೂತಿದ್ದೆ. ಸೈಕಲ್ಲಿನ ಹಿಂದೆ ಸೌದೆಹೊರೆ ಕಟ್ಟಿಕೊಂಡು ಬಂದ ಮುದುಕರೊಬ್ಬರು ನನ್ನ ಸೈಕಲ್ಲಿನ ಗೇರು ಮುಟ್ಟಿ ನೋಡಿದರು.

"ದಾದಾ, ಕೋಲ್ಕತ್ತದಿಂದ ಬಂದ್ರಾ?"

"ಹೌದು ಕಾಕಾ. ಗನ್‌ಗನಿ ನೋಡಲಿಕ್ಕೆ."

"ಅಲ್ಲೇನಿದೆ? ಮಣ್ಣು ಕೊಚ್ಚಿಕೊಂಡು ಹೋದ ಜಾಗ. ಒಂದು ಕಾಳು ಬೆಳೆಯಲ್ಲ."

ವ್ಯಂಗ್ಯವಿರಲಿಲ್ಲ, ನಿಜವಾಗಿ ಕೇಳಿದ್ದು. ನಾನು ಚಂದ ಎಂದೆ. ಅವರು ತಲೆಯಾಡಿಸಿ ಚಹಾ ಕುಡಿದರು.

ಅವರು ಹೇಳಿದ್ದು ಸರಿ. ಇದು ಮರುಭೂಮಿಯಲ್ಲ. ವರ್ಷಕ್ಕೆ ಸಾವಿರದ ಮುನ್ನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ. ಮಳೆಯಿಲ್ಲದೆ ಆದ ಬರಡಲ್ಲ, ಮಳೆಯಿಂದಲೇ ಆದ ಬರಡು. ಸಾಲದ ಕಾಡು ಹೋದಲ್ಲೆಲ್ಲ ಮಣ್ಣು ಹಿಡಿಯುವ ಬೇರು ಹೋಯಿತು, ಮಣ್ಣು ಹೋಯಿತು, ಕೆಂಪು ತಲೆಬುರುಡೆ ಉಳಿಯಿತು. ಶಾಂತಿನಿಕೇತನದ ಬಳಿಯ ಖೊವಾಯಿ ಅನ್ನುವ ಕೊರಕಲುಗಳೂ ಹೀಗೇ ಆದವು. ರವೀಂದ್ರನಾಥರು 1922ರಲ್ಲಿ ಎಲ್ಮ್‌ಹರ್ಸ್ಟ್ ಎಂಬ ಇಂಗ್ಲಿಷ್ ಕೃಷಿತಜ್ಞನನ್ನು ಜೊತೆಗಿಟ್ಟುಕೊಂಡು ಪಕ್ಕದ ಸುರುಲ್‌ನಲ್ಲಿ ಗ್ರಾಮೋದ್ಧಾರದ ಕೆಲಸ ಶುರುಮಾಡಿದರು; ಆತ ಆಗ ಉಪನ್ಯಾಸ ಕೊಟ್ಟ ವಿಷಯವೇ ಮಣ್ಣಿನ ಲೂಟಿ. 1928ರಿಂದ ಆಶ್ರಮದಲ್ಲಿ ಮರ ನೆಡುವುದನ್ನು ಹಬ್ಬವಾಗಿ ಮಾಡಿದರು. ಖೊವಾಯಿಯ ಚಂದ ಆ ಕವಿಯ ಕಣ್ಣಿಗೆ ಕಾಣಲಿಲ್ಲವೆಂದು ಯಾರೂ ಹೇಳಲಾರರು. ಆದರೂ ಅದನ್ನು ಮುಚ್ಚುವ ಕೆಲಸಕ್ಕೆ ಕೈಹಾಕಿದರು.

ಹಾಗಿದ್ದರೆ ಇನ್ನೊಬ್ಬರ ನಷ್ಟವನ್ನು ನೋಡಿ ಸಂತೋಷಪಡುವುದು ತಪ್ಪೇ? ಕಣ್ಣು ಏನನ್ನೂ ಕದಿಯುವುದಿಲ್ಲ, ನೋಡುವುದರಿಂದ ಯಾರ ಗಂಟೂ ಹೋಗುವುದಿಲ್ಲ ಎಂದು ಗೆಳೆಯರೊಬ್ಬರು ವಾದಿಸಿದರು. ಪೂರ್ತಿ ಒಪ್ಪಲಾರೆ. ಕಣ್ಣಿನ ಹಿಂದೆಯೇ ಕಾಸೂ ಬರುತ್ತದೆ. ಖೊವಾಯಿಯ ದಂಡೆಯ ಸೋನಾಜುರಿ ಮರಗಳ ಕೆಳಗೆ ಹಳ್ಳಿಯವರ ಸಣ್ಣ ಶನಿವಾರದ ಸಂತೆ ಇತ್ತು. ಈಗ ಅದು ಕಾರುಗಳ ಜಾತ್ರೆ, ಸುತ್ತ ರೆಸಾರ್ಟುಗಳು. ಅಂದಹಾಗೆ, ಚಿನ್ನದ ಹೆಸರಿಟ್ಟುಕೊಂಡ ಆ ಸೋನಾಜುರಿ ಬೇರೇನಲ್ಲ, ಅರಣ್ಯ ಇಲಾಖೆ ನೆಟ್ಟಿತೆಂದು ನಮ್ಮ ಕಡೆ ಜನ ಬೈಯುವ ಅಕೇಶಿಯಾ! ಸೋದರಳಿಯ ಅಮೆರಿಕದ ಯೂಟಾದಿಂದ ಕೆಂಪು ಬಂಡೆಗಳ ನಡುವೆ ಸೈಕಲ್ ಹೊಡೆದ ಫೋಟೋ ಕಳಿಸಿದ್ದ. ವೈಟ್ ರಿಮ್ ಎಂಬ ಆ ನೂರು ಮೈಲಿಯ ದಾರಿಯನ್ನು ಮಾಡಿದ್ದು 1950ರ ದಶಕದಲ್ಲಿ, ಯುರೇನಿಯಂ ಹುಡುಕಲು. ಆ ಕಾಲದ ಯುರೇನಿಯಂ ಗಣಿಗಳಲ್ಲಿ ದುಡಿದ ನವಾಹೋ ಜನ ಶ್ವಾಸಕೋಶ ಕಳೆದುಕೊಂಡರು. ಕೆಂಪು ದಾರಿಗಳಲ್ಲಿ ಬರೀ ವಿನೋದಕ್ಕೆ ಮಾಡಿದ್ದು ಕಡಿಮೆ.

ಇದರ ಎದುರು ಇನ್ನೊಂದು ಮಾತೂ ಇದೆ. ಬಡವರಿಗೆ ಚಂದ ಕಾಣುವುದಿಲ್ಲ, ಅವರಿಗೆ ಹೊಟ್ಟೆಯೊಂದೇ ಚಿಂತೆ ಎನ್ನುವುದು ನಮ್ಮ ಅಹಂಕಾರ. ಇದೇ ಸೀಮೆಯ ಸಂತಾಲರ ಮನೆ ನೋಡಬೇಕು. ಅದೇ ಕೆಂಪು ಮಣ್ಣು, ಬಿಳಿ ಮಣ್ಣು ಕಲಸಿ ಗೋಡೆಗೆ ಬಳಿದು, ಅಂಚಿಗೆ ಪಟ್ಟಿ ಎಳೆದು ಇಟ್ಟಿರುತ್ತಾರೆ. ನನಗಿಂತ ಅವರಿಗೆ ಆ ಬಣ್ಣ ಚೆನ್ನಾಗಿ ಗೊತ್ತು. ಆದ್ದರಿಂದ ನೋಡುವವರು, ದುಡಿಯುವವರು ಎಂದು ಇಬ್ಭಾಗ ಮಾಡಿದರೆ ಆಗುವುದಿಲ್ಲ. ವ್ಯತ್ಯಾಸ ಇರುವುದು ನನ್ನ ಜೇಬಿನ ವಾಪಸು ಟಿಕೆಟ್ಟಿನಲ್ಲಿ. ಆ ಮುದುಕರಿಗೂ ನನಗೂ ಒಂದೇ ನೆಲ, ಒಂದೇ ಎರಡು ಚಕ್ರ. ನಾನು ಆರೂ ಐವತ್ತರ ರೈಲಿಗೆ ಹೊರಡಬಹುದು.

ಈ ಟಿಕೆಟ್ಟಿನ ಮಾತು ನನ್ನ ಮನೆಯ ಬಾಗಿಲಿಗೇ ಬಂದದ್ದು ಕಳೆದ ವರ್ಷ. ಊರಿನ ಹಳೇ ಮುರಕಲ್ಲಿನ ಮನೆಯನ್ನು ಇಳಿಸಿ ಟೆರೇಸು ಮನೆ ಕಟ್ಟುತ್ತೇನೆಂದು ಅಣ್ಣ ಫೋನು ಮಾಡಿದ. ಜಾಗದಲ್ಲಿ ನನ್ನ ಪಾಲೂ ಇರುವುದರಿಂದ ಒಂದು ಸಹಿ ಬೇಕು. ಎಷ್ಟು ಚಂದದ ಗೋಡೆ ಅಣ್ಣಾ, ಈಗ ಅಂಥದ್ದು ಯಾರು ಕಟ್ಟುತ್ತಾರೆ ಎಂದೆ.

"ನಿನಗೆ ಚಂದ ಮಾರಾಯ, ನೀನು ವರ್ಷಕ್ಕೊಮ್ಮೆ ಬಂದು ಫೋಟೋ ತೆಗೆದು ಹೋಗ್ತಿ," ಅಂದ. "ಜುಲೈಯಲ್ಲಿ ಒಂದು ವಾರ ಬಂದು ಮಲಗು. ಗೋಡೆ ಬೆವರ್ತದೆ. ಪಕ್ಕಾಸೆಲ್ಲ ಗೆದ್ದಲು ತಿಂದಿದೆ. ಅತ್ತಿಗೆಗೆ ದಮ್ಮು. ಮಾಡು ಯಾವಾಗ ಕೂರ್ತದೋ ಅಂತ ನಾನು ರಾತ್ರಿ ಎದ್ದು ಟಾರ್ಚು ಬಿಡುವುದು."

ಊರು ಬಿಟ್ಟವರಿಗೆ ಊರು ಬದಲಾಗಬಾರದು. ಬದಲಾದರೆ ಸಿಟ್ಟು. ನಮ್ಮ ಸಿಟ್ಟಿಗೆ ಸಂಸ್ಕೃತಿ, ಪರಂಪರೆ ಅಂತೆಲ್ಲ ಹೆಸರು ಕೊಡುತ್ತೇವೆ, ಮಾಡಿನ ಕೆಳಗೆ ಮಲಗುವವನು ಮಾತ್ರ ಬೇರೆ. ನನ್ನ ಪ್ರೀತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ಗೋಡೆ ಚಂದವೇ. ಆ ಚಂದವನ್ನು ಕಂಡವನು ನಾನು, ಅಣ್ಣನಿಗೆ ಅದನ್ನು ನೋಡಲು ಪುರುಸೊತ್ತಿರಲಿಲ್ಲ ಎಂಬುದೂ ಇರಬಹುದು. ಆದರೆ ಕಂಡದ್ದಕ್ಕೆ ಬೆಲೆ ಕಟ್ಟುವ ಹಕ್ಕು ಎಷ್ಟು? ಒದ್ದೆ ಗೋಡೆಯ ಬದಿಯಲ್ಲಿ ಮಲಗುವವರ ದಮ್ಮಿನ ಎದುರು ಅದನ್ನು ತೂಗಲು ಬರುತ್ತದೆಯೇ? ನನ್ನ ಮಟ್ಟಿಗೆ ಬರುವುದಿಲ್ಲ. ತೂಗಬೇಕೆಂದು ನಿಜವಾಗಿ ಅನ್ನಿಸಿದರೆ ಮಾಡು ರಿಪೇರಿಯ ಖರ್ಚು ಕೊಟ್ಟು, ಜುಲೈಯಲ್ಲಿ ಹೋಗಿ ಅಲ್ಲೇ ಇರಬೇಕು. ಅದಕ್ಕೆ ನಾನು ತಯಾರಿಲ್ಲ.

ಗನ್‌ಗನಿಗೆ ಹೋಗುವುದನ್ನು ಬಿಟ್ಟಿಲ್ಲ. ಈ ಚಳಿಗಾಲ ಬಿಷ್ಣುಪುರ ದಾಟಿ ಮುಕುಟಮಣಿಪುರದವರೆಗೂ ಹೋಗುವ ಯೋಚನೆಯಿದೆ, ಮಂಡಿ ಒಪ್ಪಿದರೆ. ಅಣ್ಣನ ಕಾಗದಕ್ಕೆ ಸಹಿ ಹಾಕಿ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಮಳೆಗೆ ಮೊದಲೇ ಗೋಡೆ ಇಳಿಸಿದರಂತೆ. ಗಟ್ಟಿಯಿದ್ದ ಕಲ್ಲುಗಳನ್ನು ಹಟ್ಟಿಯ ಪಾಯಕ್ಕೆ ಹಾಕಿದ್ದಾನೆ.